ನಮೂನೆ ನಲವತ್ತೊಂದು

ದೊಡ್ಡಾಸ್ಪತ್ರೆಯ ಹಿಂಬದಿ, ಎಕ್ಸ್‌ರೇ ಕೋಣೆ ದಾಟಿದರೆ
ಒಂದು ಮೇಜು, ಎರಡು ಕುರ್ಚಿ, ನಾನು.
ಬಾಗಿಲ ಮೇಲೆ ಬರೆದಿದೆ: ಚಲನೆಯ ತೊಂದರೆಗಳ ಅಧ್ಯಯನ.
ಶಿವಮೊಗ್ಗದ ಬಾಯಲ್ಲಿ ಅದು ಕೈ ನಡುಗೋರ ರೂಮು.

ಕೆಲಸ ಕಷ್ಟದ್ದಲ್ಲ.
ಹಾಳೆ ಕೊಡುತ್ತೇನೆ, ಪೆನ್ನು ಕೊಡುತ್ತೇನೆ.
ನಡುವಿನ ಚುಕ್ಕೆಯಿಂದ ಹೊರಟು, ಮೊಣಕೈ ಊರದೆ,
ಸುತ್ತುತ್ತ ಸುತ್ತುತ್ತ ಹೊರಗೆ ಬನ್ನಿ, ಅನ್ನುತ್ತೇನೆ.
ಮೊದಲು ಬಲಗೈ. ಆಮೇಲೆ ಎಡಗೈ.
ಆಮೇಲೆ ಈ ಲೋಟದ ನೀರು ಆ ಲೋಟಕ್ಕೆ.
ಚೆಲ್ಲಿದ್ದನ್ನು ಅಳೆದು, ಒರೆಸಿ,
ಸೊನ್ನೆಯಿಂದ ನಾಲ್ಕರೊಳಗೆ ಒಂದು ಅಂಕಿ ಬರೆಯುತ್ತೇನೆ.

ಭದ್ರಾವತಿಯ ಆರೋಕ್ಯಸ್ವಾಮಿ,
ಮೂವತ್ತು ವರ್ಷ ಕ್ರೇನ್ ನಡೆಸಿದವರು,
ಕಾದ ಕಬ್ಬಿಣವನ್ನು ಜನರ ತಲೆ ಮೇಲೆ
ಒಂದು ಹನಿ ತುಳುಕಿಸದೆ ದಾಟಿಸಿದವರು,
ಅಂಗಿಯ ಗುಂಡಿ ತಾವೇ ಹಾಕಿಕೊಂಡು ನನ್ನತ್ತ ನೋಡಿದರು.
ಮೂರು, ಎಂದೆ.
ಮೂರು ಒಳ್ಳೆಯ ಅಂಕಿಯಲ್ಲ. ಅವರು ಖುಷಿಪಟ್ಟರು.

ಪ್ಯಾಂಟು ಹೊಲಿಯುವ ಹಯಾತ್ ಸಾಬರು
ನಮೂನೆಯನ್ನು ಪೂರ್ತಿ ಓದಿ ಕೇಳಿದರು:
ಚಮಚ ಹಿಡಿಯೋದು ಇದೆ, ಸಹಿ ಹಾಕೋದು ಇದೆ,
ಸೂಜಿಗೆ ದಾರ ಪೋಣಿಸೋದು ಯಾಕಿಲ್ಲ?
ಇದನ್ನು ಬರೆದವರು ಹೊರದೇಶದವರು, ಎಂದೆ.
ಯಾಕೆ, ಅವರ ಪ್ಯಾಂಟು ಹರಿಯೋದಿಲ್ವಾ?

ನಲವತ್ತೊಂದನೆಯವರು ಗುತ್ಯಮ್ಮ.
ಸೊರಬದ ಕಡೆಯವರು. ದುರ್ಗಿಗುಡಿಯಲ್ಲೊಂದು ಕುರುಕು ತಿಂಡಿ ಅಂಗಡಿ,
ಅದರ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷ
ಚಕ್ಕುಲಿ ಒತ್ತಿದ ಕೈ.
ಈಗ ಪೊಟ್ಟಣ ಕಟ್ಟಲು ಹಾಕಿದ್ದಾರಂತೆ.
ಮೇಣದಬತ್ತಿಗೆ ಪ್ಲಾಸ್ಟಿಕ್ಕಿನ ಬಾಯಿ ಹಿಡಿದು ಅಂಟಿಸಲು ಹೋಗಿ
ಎರಡು ಬೆರಳಿನ ತುದಿ ಸುಟ್ಟಿತ್ತು.

ನಡುವಿನಿಂದ ಶುರು ಮಾಡಿ, ಎನ್ನುವ ಮೊದಲೇ
ಗೊತ್ತು ಬಿಡಮ್ಮ, ಅಂದರು.
ಚಕ್ಕುಲೀನ ಯಾರಾದ್ರೂ ಹೊರಗಿಂದ ಸುತ್ತುತಾರಾ?
ಪೆನ್ನು ಹೊರಟಿತು.
ಒಂದು ಸುತ್ತು, ಎರಡು,
ಗೆರೆಯ ಮೈತುಂಬ ಹಲ್ಲು, ಹಲ್ಲು, ಹಲ್ಲು.
ಹಾಳೆಯನ್ನು ದೂರ ಹಿಡಿದು ನೋಡಿ ನಕ್ಕರು:
ಮುಳ್ಳು ಚೆನ್ನಾಗಿ ಎದ್ದಿದೆ. ಅಕ್ಕಿ ಹಿಟ್ಟು ಒಳ್ಳೇದು.

ಆ ಮುಳ್ಳುಗಳನ್ನು ಯಂತ್ರ ಎಣಿಸುತ್ತದೆ.
ಸೆಕೆಂಡಿಗೆ ಐದು, ಕೆಲವೊಮ್ಮೆ ಆರು.

ನೀರು ಸುರಿದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು.
ಸೆರಗಿನಿಂದ ತಾವೇ ಒರೆಸುತ್ತ ಹೇಳಿದರು:
ಹಿತ್ತಾಳೆ ಒರಳು ಹಿಡಿದಾಗ ಈ ಕೈ ಕಲ್ಲು, ನೋಡು.
ಭಾರ ಇದ್ರೆ ಸುಮ್ಮನಿರ್ತದೆ,
ಖಾಲಿ ಆದ್ರೆ ಕುಣಿತ.
ಒತ್ತೋಕೆ ಇವತ್ತೂ ಒತ್ತೇನು.
ಎಲೆಯಿಂದ ಎತ್ತಿ ಎಣ್ಣೆಗೆ ಬಿಡೋವಾಗ
ಬರೀ ಕೈ ಅಲ್ವಾ?

ಇದಕ್ಕೆ ನಮೂನೆಯಲ್ಲಿ ಜಾಗವಿಲ್ಲ. ಅಂಚಿನಲ್ಲಿ ಬರೆದೆ.
ಸಂಜೆ ಡಾಕ್ಟರು ಓದಿ,
ಇದು ಮೊದಲೇ ಗೊತ್ತಿರುವ ವಿಷಯ, ಎಂದರು.
ಹೌದು, ಗುತ್ಯಮ್ಮನಿಗೂ ಗೊತ್ತಿತ್ತು.

ಹೊರಡುವ ಮುಂಚೆ ಎಲ್ಲರೂ ಕೇಳುವುದನ್ನು ಅವರೂ ಕೇಳಿದರು.
ವಾಸಿ ಆಗ್ತದಾ?
ಬಾಯಿಪಾಠದ ಮಾತು ನನ್ನ ಬಾಯಿಂದ ಹೊರಟಿತು:
ಇದು ಚಿಕಿತ್ಸೆ ಅಲ್ಲಮ್ಮ, ಅಧ್ಯಯನ.
ಮುಂದೆ ಬರುವವರಿಗೆ ಉಪಯೋಗ ಆಗಬಹುದು.
ಅವರು ಚೀಲದ ಹಿಡಿ ಸುತ್ತಿದರು, ಬಿಚ್ಚಿದರು, ಸುತ್ತಿದರು.
ಆಗ್ಲಿ. ಒತ್ತಿದ್ದನ್ನೆಲ್ಲ ನಾನೇನು ತಿಂದಿದ್ನಾ, ಅಂದರು.
ತಟ್ಟನೆ ದನಿ ಬದಲಿಸಿ:
ಬಸ್ ಚಾರ್ಜು ಕೊಡ್ತೀರಿ ಅಂದಿದ್ರು.

ಇನ್ನೂರು ರೂಪಾಯಿ. ರಸೀದಿಗೆ ಸಹಿ.
ಹೆಬ್ಬೆಟ್ಟು ಒತ್ತಬಹುದು, ಎಂದು ಇಂಕಿನ ಡಬ್ಬಿ ಸರಿಸಿದೆ.
ಅದನ್ನು ಬೆರಳ ತುದಿಯಿಂದ ನನ್ನ ಕಡೆಗೇ ತಳ್ಳಿದರು.
ನಾಲ್ಕನೇ ಕ್ಲಾಸು ಓದಿದೀನಿ.

ಎಡಗೈಯಿಂದ ಬಲಗೈಯ ಮಣಿಕಟ್ಟು ಅದುಮಿ ಹಿಡಿದು
ಗು ಬರೆದರು. ಕೊಂಬು ಗೆರೆ ದಾಟಿ ದಿನಾಂಕದ ಮೇಲೆ ಹೋಯಿತು.
ನಿಂತರು. ಉಸಿರು ತೆಗೆದುಕೊಂಡರು.
ತ್ಯ ಬರೆಯತೊಡಗಿದರು.
ಬಾಗಿಲಲ್ಲಿ ನಲವತ್ತೆರಡನೆಯವರು ಇಣುಕಿ ಹಿಂದೆ ಸರಿದರು.

ನೀರಿನ ಪರೀಕ್ಷೆಗೆಂದು ಒತ್ತಿದ್ದ ಗಡಿಯಾರ
ಮೇಜಿನ ಮೇಲೆ ಓಡುತ್ತಲೇ ಇತ್ತು.
ಮ ಒಂದು ಉಳಿದಿತ್ತು, ಅದರ ಒತ್ತು ಉಳಿದಿತ್ತು.
ನಾನು ಗಡಿಯಾರವನ್ನು ಮಗುಚಿ ಇಟ್ಟೆ.